ಫಾರಿನ್ ಪದಕ

ನಮ್ಮ ಮನೆಯಲ್ಲಿ ‘ಫಾರಿನ್’ ಎಂಬ ಮಾತು ಚಾಲ್ತಿಗೆ ಬಂದದ್ದು ದೆವ್ವದ ಹೆದರಿಕೆಯಿಂದ. ಅಪ್ಪ ಮಿಲಿಟರಿಯಲ್ಲಿ ಲಾರಿ ಡ್ರೈವರ್ ಆಗಿದ್ದ. ನಾನು ಸ್ಲೇಟು ಹಿಡಿಯುವ ಹೊತ್ತಿಗೆ ಅವನನ್ನು ಭೂತಾನಿಗೆ ಹಾಕಿದರು. ಅಲ್ಲಿ ನಮ್ಮ ಸೈನ್ಯದವರು ಇದ್ದರು. ಅವರಿಗೆ ಅಕ್ಕಿ, ಬೇಳೆ, ಸೀಮೆಎಣ್ಣೆ ಹೊತ್ತು ಬೆಟ್ಟ ಹತ್ತುವ ಲಾರಿಗಳಲ್ಲಿ ಒಂದು ಅಪ್ಪನದು. ಅಪ್ಪನ ತಾಯಿ, ಅಂದರೆ ನಮ್ಮಜ್ಜಿ, ನಿಟ್ಟೂರಿನ ಕಡೆಯ ಹೆಣ್ಣುಮಗಳು. ಓದು ಬರಹ ಇಲ್ಲ, ಬಾಯಿ ಮಾತ್ರ ಬೇಕಾದಷ್ಟಿತ್ತು. ಆ ದೇಶದ ಹೆಸರನ್ನು ಮೊದಲ ಸಲ ಕೇಳಿದಾಗ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ಅಪ್ಪನ ಮುಖವನ್ನೇ ನೋಡಿದಳಂತೆ.

“ಭೂತಾನಾ? ಅದ್ಯಾವ್ ಊರ್ಲಾ ಅದು, ಭೂತ ಪಿಶಾಚಿ ಇರೋ ಊರು? ನಿಮ್ ಸಾಯೇಬ್ರಿಗೆ ಬ್ಯಾರೆ ಊರು ಸಿಗ್ಲಿಲ್ವಾ?”

“ಭೂತ ಅಲ್ಲ ಕಣವ್ವ, ದೇಶದ ಹೆಸ್ರೇ ಹಂಗೆ.”

“ಹೆಸ್ರಲ್ಲೇ ಐತಲ್ಲ, ಇನ್ನೇನ್ ಬೇಕು!”

ಅಲ್ಲಿಂದಾಚೆಗೆ ಅಜ್ಜಿ ಆ ಹೆಸರನ್ನು ಬಾಯಲ್ಲಿ ಆಡಲೇ ಇಲ್ಲ. ದೀಪ ಹಚ್ಚುವ ಮನೆಯಲ್ಲಿ, ಅದರಲ್ಲೂ ಮದುವೆ ವಯಸ್ಸಿಗೆ ಬಂದ ಮಗಳಿರುವ ಮನೆಯಲ್ಲಿ, ಭೂತದ ಹೆಸರು ಎತ್ತುವುದು ಎಲ್ಲಾದರೂ ಉಂಟೆ? ಯಾರಾದರೂ ಮಗನ ಬಗ್ಗೆ ಕೇಳಿದರೆ “ಫಾರಿನ್ನಲ್ಲವ್ನೆ” ಎನ್ನುತ್ತಿದ್ದಳು. ಕೇಳಿದವರು ದುಬೈ ಎಂದೋ ಮಸ್ಕತ್ ಎಂದೋ ಎಣಿಸಿಕೊಳ್ಳುತ್ತಿದ್ದರು. ಅಜ್ಜಿ ಅವರನ್ನು ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಆಮೇಲೆ ನಮ್ಮ ಗೌರತ್ತೆಯ ಮದುವೆಯಲ್ಲಿ ಅಜ್ಜಿಯ ಮಾನ ಹೋಗುವ ಸ್ಥಿತಿಗೆ ಬಂದದ್ದು ಇಂಥ ಎರಡು ಮಾತುಗಳಿಂದಲೇ. ಒಂದು ಫಾರಿನ್, ಇನ್ನೊಂದು ಪದಕ.

ಆಗ ನಾವಿದ್ದದ್ದು ತುಮಕೂರಿನ ಉಪ್ಪಾರಹಳ್ಳಿಯಲ್ಲಿ, ಓನರ್ ಮನೆಯ ಹಿಂಭಾಗದ ಬಾಡಿಗೆ ಮನೆಯಲ್ಲಿ. ಒಂದು ನಡುಮನೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು. ನಡುಮನೆಯ ಒಂದು ಮೂಲೆಯಲ್ಲಿ ಅಜ್ಜಿಯ ಚಾಪೆ, ಇನ್ನೊಂದು ಮೂಲೆಯಲ್ಲಿ ಅಮ್ಮನ ಹೊಲಿಗೆ ಮಿಷನ್ನು, ಗೋಡೆಗೆ ಒರಗಿಸಿ ಅಪ್ಪನ ಹಳೆಯ ಕಪ್ಪು ಟ್ರಂಕು. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ಹೆಸರು ಇಂಗ್ಲಿಷಿನಲ್ಲಿತ್ತು. ನಾನು ಅದರ ಮೇಲೆ ಕೂತು ಊಟ ಮಾಡುತ್ತಿದ್ದೆ. ಅಪ್ಪನ ತಂಗಿ ಗೌರತ್ತೆ ಅಡುಗೆಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತು ಕಾಳು ಆರಿಸುತ್ತ ರೇಡಿಯೋ ಕೇಳುತ್ತಿದ್ದಳು. ಅಮ್ಮ ಬೆಳಿಗ್ಗೆ ಎದ್ದರೆ ನೀರು ಹಿಡಿಯುವುದು, ಅಜ್ಜಿಗೆ ಬಿಸಿನೀರು ಕಾಯಿಸುವುದು, ನನ್ನ ಜಡೆ, ಬೀದಿಯ ಹೆಂಗಸರ ಬ್ಲೌಸು, ಸಂಜೆ ಹುರುಳಿಕಾಳಿನ ಬಸ್ಸಾರು, ಮುದ್ದೆ. ಅವಳು ಕೂತದ್ದನ್ನು ನಾನು ನೋಡಿದ್ದು ಮಿಷನ್ನಿನ ಮುಂದೆ ಮಾತ್ರ. ಮಾತೂ ಕಡಿಮೆ. ಸಿಟ್ಟು ಬಂದರೆ ಮಿಷನ್ನಿನ ಪೆಡಲು ಜೋರಾಗುತ್ತಿತ್ತು, ನಾನೂ ಗೌರತ್ತೆಯೂ ಮುಖ ಮುಖ ನೋಡಿಕೊಂಡು ಸುಮ್ಮನಾಗುತ್ತಿದ್ದೆವು.

ಮಹಡಿ ಮೇಲೆ ಬಟ್ಟೆ ಒಣಗಹಾಕಲು ಹೋದರೆ ದೂರಕ್ಕೆ ದೇವರಾಯನದುರ್ಗದ ಬೆಟ್ಟ ಕಾಣುತ್ತಿತ್ತು. ಅಪ್ಪ ಎಲ್ಲಿದ್ದಾನೆ ಎಂದು ನಾನು ಪೀಡಿಸಿದರೆ ಅಜ್ಜಿ ಆ ಕಡೆಗೆ ಕೈ ಮಾಡಿ, “ಅಗೋ, ಆ ದುರ್ಗದ ಹಿಂದ್ಗಡೆ” ಎನ್ನುತ್ತಿದ್ದಳು. ನಾನು ನಂಬಿದ್ದೆ. ಒಂದು ಸಲ ಅಪ್ಪನ ಹೆಸರಲ್ಲಿ ಕಟ್ಟಿದ್ದ ಮುಡುಪು ತೀರಿಸಲು ಆ ದುರ್ಗದ ನರಸಿಂಹಸ್ವಾಮಿಯ ಗುಡಿಗೆ ಹೋದಾಗ ನಾನು ಎಲ್ಲರಿಗಿಂತ ಮುಂದೆ ಓಡಿ ಮೇಲೆ ಹತ್ತಿ ಆಚೆ ಕಡೆ ಇಣುಕಿದೆ. ಆಚೆಯೂ ನಮ್ಮಲ್ಲಿರುವಂಥದೇ ಕಾಡು, ಬಂಡೆ, ಹೊಲ. ಅಲ್ಲೇ ಕೂತು ಅತ್ತುಬಿಟ್ಟೆ. ಯಾಕೆ ಅಳುತ್ತಿದ್ದೇನೆಂದು ಯಾರಿಗೂ ತಿಳಿಯಲಿಲ್ಲ, ಕೋತಿ ಹೆದರಿಸಿತೆಂದುಕೊಂಡರು. ಅಮ್ಮ ಮಾತ್ರ ನನ್ನ ಪಕ್ಕ ಬಂದು ನಿಂತು, ತಾನೂ ಆ ಕಡೆ ಸ್ವಲ್ಪ ಹೊತ್ತು ನೋಡಿ, ಸೆರಗಿನಿಂದ ನನ್ನ ಮೂಗು ಒರೆಸಿ ಕರೆದುಕೊಂಡು ಹೋದಳು.

ಅಜ್ಜಿಯ ಕತ್ತಿನಲ್ಲಿ ಒಂದು ಗುಂಡಿನ ಸರವಿತ್ತು. ಚಿನ್ನದ ಸಣ್ಣ ಗುಂಡುಗಳು, ನಡುವೆ ಒಂದು ಖಾಲಿ ಕೊಂಡಿ. ಹಿಂದೆ ಆ ಕೊಂಡಿಗೆ ಕೆಂಪು ಕಲ್ಲಿನ ಪದಕವಿತ್ತಂತೆ, ತಾತನ ಕಾಯಿಲೆಯಲ್ಲಿ ಹೋಯಿತಂತೆ. ಅಜ್ಜಿ ಏನಾದರೂ ಯೋಚನೆಗೆ ಕೂತರೆ ಹೆಬ್ಬೆರಳು ತಾನಾಗಿ ಆ ಕೊಂಡಿಯನ್ನು ಸವರುತ್ತಿತ್ತು. ಸರವನ್ನು ಗೌರತ್ತೆಗೆ ಹಾಕಿ ಧಾರೆ ಎರೆಯಬೇಕು, ಆದರೆ ಪದಕವಿಲ್ಲದ ಸರವನ್ನು ಹೇಗೆ ಹಾಕುವುದು ಎಂಬುದು ಅವಳ ದಿನದ ಚಿಂತೆ. ಆಗ ಕುಣಿಗಲ್ಲಿನಿಂದ ಗೌರತ್ತೆಗೆ ಒಂದು ಸಂಬಂಧ ಬಂದಿತ್ತು. ಹುಡುಗ ಅಲ್ಲಿಯ ಕುದುರೆ ಫಾರಂನಲ್ಲಿ ಕುದುರೆಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ, ಹೆಸರು ರಂಗಸ್ವಾಮಿ. ಅವನು ಹೆಣ್ಣು ನೋಡಲು ಬಂದ ದಿನ ಗೌರತ್ತೆ ರೇಡಿಯೋ ಹಾಕುವುದನ್ನೇ ಮರೆತಿದ್ದಳು. ಅದರಿಂದ ನಮಗೆ ಅವಳ ಮನಸ್ಸು ಗೊತ್ತಾಯಿತು.

ಅಂಥ ದಿನಗಳಲ್ಲೇ ಅಪ್ಪನ ಫೋನು ಬಂತು. ಫೋನಿದ್ದದ್ದು ಓನರ್ ಮನೆಯಲ್ಲಿ. ಅವರ ಹೆಂಡತಿ ಹಿತ್ತಲ ಬಾಗಿಲಿಂದ “ಮಿಲ್ಟ್ರಿ ಫೋನೂ!” ಎಂದು ಕೂಗಿದರೆ ನಾವೆಲ್ಲ ಇದ್ದದ್ದು ಇದ್ದ ಹಾಗೇ ಬಿಟ್ಟು ಓಡುತ್ತಿದ್ದೆವು. ಮಾತಾಡುವುದರಲ್ಲಿ ಒಂದು ಪದ್ಧತಿಯಿತ್ತು. ಮೊದಲು ಅಜ್ಜಿ, ಆಮೇಲೆ ಗೌರತ್ತೆ, ಆಮೇಲೆ ನಾನು, ಕೊನೆಗೆ ಅಮ್ಮ. ಅಮ್ಮನ ಕೈಗೆ ಹೋಗುವಷ್ಟರಲ್ಲಿ ಲೈನು ಕಟ್ಟಾಗುತ್ತಿತ್ತು. ಅವಳು ರಿಸೀವರನ್ನು ಒಂದು ಗಳಿಗೆ ಕಿವಿಗೆ ಇಟ್ಟುಕೊಂಡು, ಮೆಲ್ಲಗೆ ಕೆಳಗಿಟ್ಟು, ಓನರ್ ಹೆಂಡತಿಗೆ “ಬರ್ತೀವಿ ಕಣಕ್ಕ” ಎಂದು ಹೇಳಿ ಹೊರಡುತ್ತಿದ್ದಳು. ಆ ದಿನವೂ ಅಜ್ಜಿಯೇ ಮೊದಲು ಹಿಡಿದಳು. ಅಪ್ಪ ಅಷ್ಟು ದೂರದಿಂದ ಕಿರುಚುತ್ತಿದ್ದರಿಂದ ನಮಗೆಲ್ಲ ಕೇಳುತ್ತಿತ್ತು.

“ಅವ್ವಾ, ಚೆನ್ನಾಗಿದೀಯಾ? ನಂಗೆ ಪದಕ ಕೊಡ್ತಾವ್ರೆ ಕಣವ್ವ!”

“ಏನ್ಲಾ ಅದು? ಪದ್ಕವಾ?”

“ಹ್ಞೂ ಕಣವ್ವ, ಪದಕ! ಬಾಳ ದಿನ ಫಾರಿನ್ನಲ್ಲಿದ್ನಲ್ಲ, ಅದ್ಕೆ ಸರ್ಕಾರದೋರು ಕೊಡ್ತಾವ್ರೆ. ಗೌರಿ ಮದ್ವೆಗೆ ಬರೋವಾಗ ತತ್ತೀನಿ!”

ಅಜ್ಜಿ ರಿಸೀವರನ್ನು ಗೌರತ್ತೆಯ ಕೈಗೆ ಕೊಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಹೆಬ್ಬೆರಳು ಕೊಂಡಿಯ ಮೇಲಿತ್ತು, ಕಣ್ಣಲ್ಲಿ ನೀರು. ಮಗ ಎಷ್ಟು ದೂರವಿದ್ದರೂ ತಾಯಿಯ ಖಾಲಿ ಕೊಂಡಿಯನ್ನು ಮರೆಯಲಿಲ್ಲವಲ್ಲ ಎಂದು ಓನರ್ ಹೆಂಡತಿಯ ಮುಂದೆ ಹೇಳಿಕೊಂಡು ಅತ್ತಳು. ಅಮ್ಮನಿಗೆ ಅನುಮಾನ ಬಂದಿತ್ತೇನೋ. ಹಿಂದಿರುಗುವಾಗ, “ಪದಕ ಅಂದ್ರೆ ಇನ್ನೇನೋ ಇರ್ಬೋದು ಅತ್ತೆ” ಎಂದಳು. “ಇನ್ನೇನಿದ್ದಾತು ತಾಯಿ, ಪದ್ಕ ಅಂದ್ರೆ ಪದ್ಕ” ಎಂದು ಅಜ್ಜಿ ಅವಳ ಬಾಯಿ ಮುಚ್ಚಿಸಿದಳು.

ವೀಳ್ಯಶಾಸ್ತ್ರಕ್ಕೆ ಕುಣಿಗಲ್ಲಿನವರು ಬಂದರು. ಹುಡುಗನ ತಾಯಿ ಕೆಂಪಮ್ಮ ಎತ್ತರದ ಹೆಂಗಸು, ಗಂಟಲು ಇನ್ನೂ ಎತ್ತರ. ಪಾಪ, ಅವರು ಒಡವೆಯ ಮಾತೇ ಎತ್ತಿರಲಿಲ್ಲ. ಹುಡುಗಿ ಚೆನ್ನಾಗಿದ್ದಾಳೆ, ಮನೆತನ ಚೆನ್ನಾಗಿದೆ, ಸಾಕು ಎಂದಿದ್ದರು. ಅಜ್ಜಿಯೇ ಸುಮ್ಮನಿರಲಾರದೆ, ತಟ್ಟೆ ಇಡ್ಲಿಗೆ ಚಟ್ನಿ ಬಡಿಸುತ್ತ, ಸರವನ್ನು ಸೆರಗಿನಿಂದ ಆಚೆ ತೆಗೆದು ತೋರಿಸಿದಳು.

“ನೋಡಿ ಬೀಗ್ರೆ, ಈ ಸರ ನಮ್ ಗೌರಿಗೇಯ. ಪದ್ಕ ನನ್ ಮಗ ಫಾರಿನ್ನಿಂದ ತತ್ತಾವ್ನೆ. ಸರ್ಕಾರ್ದೋರೇ ಕೊಟ್ಟವ್ರಂತೆ.”

“ಫಾರಿನ್ದಾ? ಆ ಕಡೆ ಚಿನ್ನ ಒಳ್ಳೆ ಕೆಂಪ್ಗಿರ್ತದಂತೆ ಕಣಮ್ಮಯ್ಯ” ಎಂದರು ಕೆಂಪಮ್ಮ.

ಅಜ್ಜಿ ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಇನ್ನೊಂದು ಇಡ್ಲಿ ಹಾಕಿದಳು. ವಾರ ಕಳೆಯುವಷ್ಟರಲ್ಲಿ ಆ ಮಾತು ಕುಣಿಗಲ್ಲಿನ ನೆಂಟರಿಷ್ಟರಿಗೆಲ್ಲ ಮುಟ್ಟಿತು. ನಿಟ್ಟೂರಿನಿಂದ ಬಂದ ಅಜ್ಜಿಯ ತಂಗಿ ಪದಕ ಎಷ್ಟು ದಪ್ಪವಿದೆ ಎಂದು ಕೇಳಿದರೆ ಅಜ್ಜಿ, ಇನ್ನೂ ಕಣ್ಣಲ್ಲೇ ನೋಡದ ವಸ್ತುವನ್ನು, ಅಂಗೈ ಅಗಲ ಮಾಡಿ ತೋರಿಸಿದಳು. ಆ ದಿನಗಳಲ್ಲಿ ಅವಳ ನಡಿಗೆಯೇ ಬೇರೆಯಾಗಿತ್ತು. ನನಗೂ ಅದೊಂದು ಹೆಮ್ಮೆ. ಸ್ಕೂಲಿನಲ್ಲಿ, “ನಮ್ಮಪ್ಪ ಚಿನ್ನ ತರ್ತಾರೆ” ಎಂದು ಸಾರಿಕೊಂಡು ಬಂದಿದ್ದೆ.

ಮದುವೆಗೆ ಒಂದು ವಾರವಿರುವಾಗ ಅಪ್ಪ ಬಂದ. ಅವನು ಬಂದ ದಿನ ಮನೆಯಲ್ಲಿ ಯಾವಾಗಲೂ ಒಂದು ಥರದ ಮುಜುಗರ. ಮೀಸೆ ಬಿಟ್ಟ ಒಬ್ಬ ಅಪರಿಚಿತ ನಮ್ಮ ಬಚ್ಚಲಲ್ಲಿ ಹಿಂದಿ ಹಾಡು ಗುನುಗುತ್ತ ಸ್ನಾನ ಮಾಡುತ್ತಿದ್ದಾನೆ, ಅವನನ್ನು ಅಪ್ಪ ಅನ್ನಬೇಕು. ನನಗೆ ಅಭ್ಯಾಸವಾಗುವಷ್ಟರಲ್ಲಿ ರಜೆ ಮುಗಿದಿರುತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಅವನು ತಂದಿದ್ದ ಬ್ಯಾಗು ಬಿಚ್ಚಿದ. ಅಜ್ಜಿಗೆ ಶಾಲು. ಗೌರತ್ತೆಗೆ ಹೂವಿನ ಚಿತ್ರವಿರುವ ಫ್ಲಾಸ್ಕು. ನನಗೆ ಅಯಸ್ಕಾಂತದ ಮುಚ್ಚಳದ ಪೆನ್ಸಿಲ್ ಡಬ್ಬಿ. ಅಮ್ಮನಿಗೆ ಉಣ್ಣೆಯ ಸ್ವೆಟರು, ಕುರಿಯಷ್ಟೇ ದಪ್ಪ. ತುಮಕೂರಿನ ಬಿಸಿಲಿಗೆ ಅದನ್ನು ಹಾಕುವವರು ಯಾರು? ಮುಂದೆ ಎಷ್ಟೋ ವರ್ಷ ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುಳಿ ಬರಲೆಂದು ಪಾತ್ರೆಗೆ ಅದನ್ನು ಹೊದಿಸುತ್ತಿದ್ದಳು. ಅವಳು ಸ್ವೆಟರನ್ನು ತೊಡೆಯ ಮೇಲಿಟ್ಟುಕೊಂಡು, “ಚೆನ್ನಾಗಿದೆ” ಎಂದಳು. ಅಜ್ಜಿಗೆ ಇದ್ಯಾವುದರ ಮೇಲೂ ಗಮನವಿಲ್ಲ.

“ಎಲ್ಲಿ ಮಗಾ, ಪದ್ಕ ತೆಗಿ.”

ಅಪ್ಪ ನಾಚಿಕೊಂಡು ನಕ್ಕ. ಒಳ ಅಂಗಿಗಳ ಕೆಳಗಿಂದ ಒಂದು ಪುಟ್ಟ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಅಜ್ಜಿಯ ಅಂಗೈಯ ಮೇಲಿಟ್ಟ. ನೀಲಿ ಬಣ್ಣದ ದಪ್ಪ ರಿಬ್ಬನ್ನು, ಅದರಲ್ಲಿ ಬಿಳಿ ಗೆರೆಗಳು. ಕೆಳಗೆ ಬೆಳ್ಳಗಿನ ಒಂದು ದುಂಡು ಬಿಲ್ಲೆ, ಅದಕ್ಕೆ ಸಿಂಹದ ಮುದ್ರೆ. ರಿಬ್ಬನ್ನಿನ ಮೇಲೆ ಅಡ್ಡಕ್ಕೊಂದು ಪಟ್ಟಿ, ಅದರ ಮೇಲೆ ಹಿಂದಿ ಅಕ್ಷರದಲ್ಲಿ ಆ ದೇಶದ ಹೆಸರು. ಅಜ್ಜಿ ಅದನ್ನು ತಿರುಗಿಸಿ ನೋಡಿದಳು. ಕಚ್ಚಿ ನೋಡಿದಳು.

“ಇದು ಬಿಲ್ಲೆ ಕಣ್ಲಾ. ಆಫೀಸ್ ಜವಾನ್ರು ಹಾಕ್ಕೊಳೋ ಬಿಲ್ಲೆ. ಪದ್ಕ ಎಲ್ಲಿ?”

“ಇದೇ ಕಣವ್ವ ಪದಕ. ಮೆಡಲ್ಲು!”

“ಬೆಳ್ಳಿನಾದ್ರೂ ಐತೇನ್ಲಾ?”

“ಇಲ್ಲ. ತಾಮ್ರ, ನಿಕ್ಕಲ್ಲು, ಅದೇನೋ ಸೇರ್ಸಿ ಮಾಡ್ತಾರೆ. ಇದು ಕತ್ತಿಗಲ್ಲ ಕಣವ್ವ, ಎದೆಗೆ. ಪೆರೇಡಲ್ಲಿ ಎದೆ ಮೇಲೆ ಹಾಕ್ಕೊಳೋದು.”

“ಹಂಗಿದ್ರೆ ಮೆಡ್ಲು ಅಂತ ಬೊಗಳೋದಲ್ವೇನ್ಲಾ! ಪದ್ಕ ಅಂತ ಯಾಕಂದೆ?”

“ನಿಂಗೆ ಮೆಡಲ್ಲು ಅಂದ್ರೆ ತಿಳಿಯಕಿಲ್ಲ ಅಂತ್ಲೇ ಕನ್ನಡದಲ್ಲಿ ಹೇಳಿದ್ನಲ್ಲವ್ವಾ!”

ನಾನು ಈಗ ಗುಬ್ಬಿಯ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಮಕ್ಕಳು ಒಂದು ಪದದ ಅರ್ಥ ಕೇಳಿದರೆ ಮೊದಲು, “ಯಾರು ಯಾರಿಗೆ ಹೇಳಿದ್ದು, ಅದನ್ನು ಹೇಳು” ಎನ್ನುತ್ತೇನೆ. ಅವರಿಗೆ ಇದು ಟೀಚರಮ್ಮನ ಕಿರಿಕಿರಿ. ಅಪ್ಪನ ಆ ಮುಖವನ್ನು ಅವರು ನೋಡಿದ್ದರೆ ಗೊತ್ತಾಗುತ್ತಿತ್ತು. ಜೋಡಿಸಿಕೊಂಡು, ಯೋಚಿಸಿ, ತಾಯಿಗೆ ತಿಳಿಯಲಿ ಎಂದು ಹುಡುಕಿ ತಂದ ಒಂದು ಒಳ್ಳೆಯ ಕನ್ನಡ ಪದ ಅವನ ಕಣ್ಣೆದುರಿಗೇ ಕೆಟ್ಟು ಕೂತಿತ್ತು. ಅಜ್ಜಿ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಬೈಯಲಿಲ್ಲ, ಅದಕ್ಕೇ ನಮಗೆ ಹೆದರಿಕೆಯಾದದ್ದು. ಕುಣಿಗಲ್ಲಿನವರಿಗೆ ಯಾವ ಮುಖ ತೋರಿಸಲಿ, ಮಾತು ಕೊಟ್ಟು ತಪ್ಪಿದವಳಾದೆನಲ್ಲ ಎಂದು ಸಣ್ಣ ದನಿಯಲ್ಲಿ ಹೇಳತೊಡಗಿದಳು. ಅಪ್ಪ, ಈಗಲೇ ಬಸ್ಸು ಹತ್ತಿ ಹೋಗಿ ಇದ್ದದ್ದು ಇದ್ದಂತೆ ಹೇಳಿ ಬರುತ್ತೇನೆ ಎಂದ. ಹೇಳಿದರೆ ಮದುವೆ ನಿಂತೀತು, ನಿಲ್ಲದಿದ್ದರೂ ಗೌರಿ ಬಾಳೆಲ್ಲ ಸುಳ್ಳುಗಾತಿಯ ಮಗಳು ಎನ್ನಿಸಿಕೊಂಡು ಬದುಕಬೇಕು ಎಂದು ಅಜ್ಜಿ. ಗೌರತ್ತೆ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು. ನನಗೆ ರಂಗಸ್ವಾಮಿ ಮಾವ ಇನ್ನು ಬರುವುದಿಲ್ಲ, ಕುದುರೆ ತೋರಿಸುವುದಿಲ್ಲ ಎಂದು ದುಃಖ ಉಕ್ಕಿ ಬಂತು.

ಆಗ ಅಮ್ಮ ಅಡುಗೆಮನೆಯಿಂದ ಆಚೆ ಬಂದಳು. ಕೈಯಲ್ಲಿ ಮುದ್ದೆ ತಿರುವುವ ಕೋಲು, ಅದರ ತುದಿಯಲ್ಲಿ ಇನ್ನೂ ಹಿಟ್ಟು. ಅಲ್ಲಿಯವರೆಗೆ ಅವಳು ಅಜ್ಜಿಯ ಮುಂದೆ ಅಪ್ಪನೊಡನೆ ನೇರವಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

“ಅದನ್ನ ಏನಕ್ಕೆ ಕೊಟ್ಟವ್ರೆ? ಅದು ಹೇಳಿ ಮೊದ್ಲು.”

“ಹೇಳಿದ್ನಲ್ಲ. ನಮ್ ದೇಶ ಬಿಟ್ಟು ಪರದೇಶದಲ್ಲಿ ಬಾಳ ದಿನ ಡ್ಯೂಟಿ ಮಾಡಿದ್ದಕ್ಕೆ.”

“ಪರದೇಶದಲ್ಲಿದ್ರೆ ಪದ್ಕ ಕೊಡ್ತಾರಾ?” ಅಜ್ಜಿ ನಡುವೆ ಬಾಯಿ ಹಾಕಿದಳು. “ನಮ್ ಕಡೆ ಪರದೇಸಿ ಅಂತ ಬೈತಾರೆ!”

ಯಾರೂ ನಗಲಿಲ್ಲ. ಅಮ್ಮ ಕೋಲಿನ ತುದಿಯಿಂದ ಗೌರತ್ತೆಯನ್ನು ತೋರಿಸಿದಳು.

“ಹಂಗಿದ್ರೆ ಇವ್ಳಿಗೇ ಹಾಕಿ. ಮನೆ ಬಿಟ್ಟು ಪರಸ್ಥಳಕ್ಕೆ ಡ್ಯೂಟಿಗೆ ಹೋಗ್ತಿರೋಳು ಇವ್ಳೇ ಅಲ್ವಾ? ನಿಮ್ಗಾದ್ರೂ ವರ್ಷಕ್ಕೊಂದ್ಸಲ ರಜೆ ಕೊಡ್ತಾರೆ. ಇವ್ಳಿಗೆ ಅದೂ ಇಲ್ಲ. ನಿಮ್ ಅವ್ವ ಆ ಡ್ಯೂಟಿ ಮಾಡಿದ್ರು. ನಾನು ಮಾಡ್ತಾ ಇದೀನಿ. ಯಾರಾದ್ರೂ ಒಬ್ರು ಹಾಕ್ಕೊಳ್ಳಿ ಬುಡಿ.”

ಕೋಲನ್ನು ಕೆಳಗಿಟ್ಟು, ಮಿಷನ್ನಿನ ಮೇಲಿದ್ದ ಕತ್ತರಿ ತೆಗೆದುಕೊಂಡಳು. ಅಪ್ಪ, “ಏಯ್, ಅದನ್ನ ಕತ್ತರಿಸ್ಬಾರ್ದು ಕಣೇ!” ಎಂದು ಎದ್ದು ನಿಲ್ಲುವಷ್ಟರಲ್ಲಿ ರಿಬ್ಬನ್ನು ಬೇರೆ, ಬಿಲ್ಲೆ ಬೇರೆಯಾಗಿತ್ತು. ಅಡ್ಡಪಟ್ಟಿಯನ್ನು ಅಲ್ಲಾಡದ ಹಾಗೆ ಬಿಲ್ಲೆಯ ತಲೆಯ ಮೇಲಿದ್ದ ಬಳೆಗೆ ತಂತಿಯಿಂದ ಬಿಗಿದಳು. ಅಜ್ಜಿಯ ಕತ್ತಿನಿಂದ ಸರ ತೆಗೆದು ಖಾಲಿ ಕೊಂಡಿಗೆ ಅದನ್ನು ಸಿಕ್ಕಿಸಿದಳು. ಸಿಕ್ಕಿಸಿದಾಗ ಅದು ಒಂಚೂರು ಓರೆಯಾಗಿ ತೂಗಿತು. ರಿಬ್ಬನ್ನನ್ನು ಮಡಿಸಿ ಗುಂಡಿಯ ಡಬ್ಬಿಗೆ ಹಾಕಿಕೊಂಡಳು. ಗೌರತ್ತೆ ಮುಂದೆ ಬಂದು ಕತ್ತು ಬಗ್ಗಿಸಿದಳು.

“ನಂಗಿದೇ ಇರ್ಲಿ ಅತ್ತಿಗೆ. ನಂಗಿದೇ ಇಷ್ಟ.”

ಅಪ್ಪ ಆ ಮಧ್ಯಾಹ್ನವೆಲ್ಲ ಮಹಡಿ ಮೇಲೆ ಕೂತಿದ್ದ. ನಾನು ಕಾಫಿ ತೆಗೆದುಕೊಂಡು ಹೋದಾಗ ದುರ್ಗದ ಕಡೆ ಮುಖ ಮಾಡಿ, ಖಾಲಿ ಡಬ್ಬಿಯ ಮುಚ್ಚಳವನ್ನು ತೆಗೆಯುವುದು ಹಾಕುವುದು ಮಾಡುತ್ತಿದ್ದ. “ನಿಮ್ಮಮ್ಮ ಹೇಳಿದ್ದು ಸರಿ ಕಣೇ ಪುಟ್ಟಿ” ಎಂದ. ಆಗ ನನಗೆ ಮೊದಲ ಸಲ ಅವನು ಅಪ್ಪ ಎನ್ನಿಸಿದ. ಪಕ್ಕದಲ್ಲಿ ಕೂತೆ.

ಕುಣಿಗಲ್ಲಿನ ಛತ್ರದಲ್ಲಿ ಮದುವೆ. ಗೌರತ್ತೆಯನ್ನು ಹಸೆಮಣೆಗೆ ಕರೆತರುವಾಗ ಕೆಂಪಮ್ಮ ನೇರ ಬಂದು ಸರಕ್ಕೆ ಕೈ ಹಾಕಿದರು. ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದರು. ಹಿಂದೆ ನೆಂಟರ ಹೆಂಗಸರು ಕತ್ತು ಉದ್ದ ಮಾಡಿ ನಿಂತಿದ್ದರು. ಅಜ್ಜಿಯ ಕೈ ನನ್ನ ಹೆಗಲ ಮೇಲಿತ್ತು.

“ಇದೇನ್ ಬೀಗ್ರೆ? ಚಿನ್ನ ಅಂದಿದ್ರಿ?”

ಅಜ್ಜಿ ನನ್ನ ಹೆಗಲು ಬಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಚಿನ್ನ ಅಂತ ಯಾವ್ ಬಾಯಲ್ಲಿ ಅಂದೆ? ಪದ್ಕ ಅಂದೆ. ಇದು ಪದ್ಕ ಅಲ್ವಾ? ಫಾರಿನ್ದು ಅಂದೆ, ಸರ್ಕಾರ್ದೋರು ಕೊಟ್ಟಿದ್ದು ಅಂದೆ. ಸಿಂಹದ ಮುದ್ರೆ ಐತೆ, ನೋಡ್ಕೊಳ್ಳಿ. ಚಿನ್ನ ಅಂದೋರು ನೀವು.”

ಛತ್ರದಲ್ಲಿ ವಾಲಗದವರೂ ನಿಲ್ಲಿಸಿಬಿಟ್ಟರು. ಹಸೆಮಣೆಯ ಮೇಲೆ ಬಾಸಿಂಗ ಕಟ್ಟಿಕೊಂಡು ಕೂತಿದ್ದ ರಂಗಸ್ವಾಮಿ ಮಾವ ಬಗ್ಗಿ ನೋಡಿ, ನಿಜವಾಗಿಯೂ ಖುಷಿಯಿಂದ, ಯಾವ ಕೆಟ್ಟ ಎಣಿಕೆಯೂ ಇಲ್ಲದೆ ಹೇಳಿದ:

“ಮೆಡಲ್ಲು ಕಣವ್ವ! ನಮ್ ಫಾರಂನಲ್ಲಿ ಗೆದ್ದ ಕುದ್ರೆಗೂ ಇಂಥದ್ದೇ ಹಾಕ್ತಾರೆ!”

ಮೊದಲು ನಕ್ಕದ್ದು ಅಪ್ಪ. ಅದುಮಿಕೊಳ್ಳಲು ನೋಡಿದ, ಆಗಲಿಲ್ಲ. ಆಮೇಲೆ ಗೌರತ್ತೆ, ತಲೆ ಬಗ್ಗಿಸಿಕೊಂಡು, ಹೆಗಲು ಕುಣಿಸುತ್ತ. ಆಮೇಲೆ ಛತ್ರವೆಲ್ಲ. ಕೆಂಪಮ್ಮ ಮಾತ್ರ ನಗದೆ, ಬಿಲ್ಲೆಯನ್ನು ಕೈಯಿಂದ ಬಿಡದೆ, “ಏನಕ್ಕೆ ಕೊಟ್ಟಿದ್ದು ಇದು?” ಎಂದು ಅಜ್ಜಿಯನ್ನು ಕೇಳಿದರು. ಅಜ್ಜಿ, ಸೊಸೆ ಹೇಳಿದ್ದನ್ನೇ ತನ್ನ ಮಾತೆಂಬಂತೆ ಹೇಳಿದಳು. ಹುಟ್ಟಿದ ಜಾಗ ಬಿಟ್ಟು ಗೊತ್ತಿಲ್ಲದ ಕಡೆ ಹೋಗಿ, ಯಾರ್‍ಯಾರದೋ ಮಾತು ಕೇಳಿಕೊಂಡು, ಬಹಳ ದಿನ ಗೇಯ್ದವರಿಗೆ ಕೊಡುವುದು ಎಂದಳು. ಕೆಂಪಮ್ಮ ಬಿಲ್ಲೆಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದರು. ಅವರೂ ಗುಬ್ಬಿ ಕಡೆಯಿಂದ ತೀರಾ ಚಿಕ್ಕ ವಯಸ್ಸಿನಲ್ಲಿ ಆ ಊರಿಗೆ ಸೊಸೆಯಾಗಿ ಬಂದವರೆಂದು ನಮಗೆ ಆಮೇಲೆ ತಿಳಿಯಿತು.

“ನಂಗ್ಯಾರೂ ಕೊಡ್ಲಿಲ್ಲ ಕಣಮ್ಮಯ್ಯ” ಎಂದರು. ಬಿಲ್ಲೆಯನ್ನು ಗೌರತ್ತೆಯ ಎದೆಯ ಮೇಲೆ ನೇರ ಮಾಡಿ, “ಊದ್ರೋ, ಯಾಕ್ ನಿಲ್ಲಿಸ್ಬುಟ್ರಿ?” ಎಂದು ವಾಲಗದವರ ಮೇಲೆ ರೇಗಿದರು.

ಹಾಗೆ ಅಪ್ಪನ ಮೆಡಲು ಕುಣಿಗಲ್ಲಿನ ಒಡವೆಯಾಯಿತು. ಕೆಂಪಮ್ಮ ಅದನ್ನು ಗೌರಿ ಹಬ್ಬಕ್ಕೆ ಕಳಸಕ್ಕೆ ಹಾಕುತ್ತಿದ್ದರು. ಹಾಕುವ ಮುಂಚೆ ಪೂಜೆ ಸಾಮಾನಿನ ಜೊತೆಯಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಹಾಗೆ ತಿಕ್ಕಿ ತಿಕ್ಕಿ ಸಿಂಹದ ಮುಖ ಸವೆಯಿತು, ಅಡ್ಡಪಟ್ಟಿಯ ಮೇಲಿದ್ದ ದೇಶದ ಹೆಸರು ಪೂರಾ ಅಳಿಸಿಹೋಯಿತು. ಭೂತ ಹೋಯಿತಲ್ಲ ಎಂದು ಅಜ್ಜಿಗೆ ಸಮಾಧಾನ. ಅಪ್ಪ ಪೆನ್ಷನ್ ಮೇಲೆ ಬಂದ ಮೇಲೆ ಮಾಜಿ ಸೈನಿಕರು ಧ್ವಜ ಹಾರಿಸುವಲ್ಲಿಗೆ ಖಾಲಿ ಎದೆಯಲ್ಲೇ ಹೋಗುತ್ತಿದ್ದ. ಮೆಡಲು ಎಲ್ಲಿ ಎಂದು ಯಾರಾದರೂ ಕೇಳಿದರೆ, “ನಮ್ ತಂಗಿ ಕತ್ತಲ್ಲಿ” ಎನ್ನುತ್ತಿದ್ದ. ಹೋಗಿ ಕೇಳಿ ತರಬಹುದಿತ್ತು. ಕೊಟ್ಟ ಒಡವೆಯನ್ನು ಯಾರಾದರೂ ವಾಪಸು ಕೇಳುತ್ತಾರಾ ಎನ್ನುವನು. ಬಂದ ಮೇಲೆ ಅವನೂ ಅಮ್ಮನೂ ದಿನಾ ಸಂಜೆ ಮಹಡಿ ಮೇಲೆ ಕೂರುತ್ತಿದ್ದರು. ಏನು ಮಾತಾಡುತ್ತಿದ್ದರೋ, ನಾವು ಹತ್ತಿರ ಹೋದರೆ ನಿಲ್ಲಿಸುತ್ತಿದ್ದರು. ಫೋನಿನಲ್ಲಿ ಕಟ್ಟಾದದ್ದನ್ನೆಲ್ಲ ಪೂರ್ತಿ ಮಾಡುತ್ತಿದ್ದರೆಂದು ನನ್ನ ಲೆಕ್ಕ.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಅಪ್ಪ ಹೋದದ್ದು ಹೋದ ವರ್ಷ. ಅಮ್ಮ ಈಗ ನನ್ನ ಜೊತೆಯಲ್ಲಿದ್ದಾಳೆ, ಅದೇ ಉಪ್ಪಾರಹಳ್ಳಿಯಲ್ಲಿ, ಎರಡು ಬೀದಿ ಆಚೆ. ತಿಥಿಯ ದಿನ ಹಿರಿಯರು ಅಮ್ಮನ ಕತ್ತಿನ ತಾಳಿ ತೆಗೆಸಬೇಕೆಂದರು. ನಾನು ಜಗಳವಾಡಿದೆ, ಎಲ್ಲರ ನಿಷ್ಠುರ ಕಟ್ಟಿಕೊಂಡೆ. ಕೊನೆಗೆ ಅಮ್ಮನೇ, “ಬುಡು ಪುಟ್ಟಿ, ಇದರಲ್ಲೇನಿದೆ” ಎಂದು ತೆಗೆದು ಕೊಟ್ಟಳು. ಅಲ್ಲಿಂದಾಚೆಗೆ ಒಂದು ಸಣ್ಣ ಮಣಿಯನ್ನೂ ಹಾಕಲು ಒಪ್ಪಲಿಲ್ಲ. ಮೊನ್ನೆ ಒಂದು ಭಾನುವಾರ ಗೌರತ್ತೆ ಕುಣಿಗಲ್ಲಿನಿಂದ ಬಂದಳು. ಅವಳಿಗೂ ತಲೆ ಪೂರಾ ಬೆಳ್ಳಗಾಗಿದೆ. ಕಾಫಿ ಕುಡಿದು, ಚೀಲದಿಂದ ಕರ್ಚೀಫಿನ ಗಂಟು ತೆಗೆದು ಬಿಚ್ಚಿದಳು. ಸರವಿಲ್ಲ, ಬಿಲ್ಲೆ ಮಾತ್ರ. ಸವೆದು ನುಣ್ಣಗಾಗಿ, ಹಳೆಯ ನಾಣ್ಯದ ಹಾಗೆ ಹೊಳೆಯುತ್ತಿತ್ತು.

“ಅತ್ತಿಗೆ, ಇದು ನಿಮ್ದು. ಅವತ್ತೇ ನಿಮ್ದು. ನಂಗೆ ಕೊಟ್ರಿ.”

“ಅಯ್ಯೋ, ತೆಗಿ ಅತ್ಲಾಗೆ. ನಿಮ್ಮಣ್ಣ ಹೋದ್ಮೇಲೆ ನಂಗೆ ಪದಕನಾ? ಜನ ಏನಂದಾರು?”

“ಪದಕ ಅಂತ ಯಾರಂದ್ರು? ಇದು ಮೆಡಲ್ಲು. ಅಣ್ಣ ಹೇಳಿದ್ದು ಮರ್ತ್ರಾ? ಇದು ಕತ್ತಿಗಲ್ಲ ಅತ್ತಿಗೆ, ಎದೆಗೆ.”

ಅಮ್ಮ ಬಿಲ್ಲೆಯನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿದಳು. ಎದ್ದು ಒಳಗೆ ಹೋದಳು. ಬಂದಾಗ ಕೈಯಲ್ಲಿ ಗುಂಡಿಯ ಡಬ್ಬಿ. ಅದರ ತಳದಿಂದ, ಇಷ್ಟು ವರ್ಷ ನಾನು ಗುಂಡಿ ಹುಡುಕುವಾಗ ಕೈಗೆ ಸಿಕ್ಕರೂ ಏನೆಂದು ಕೇಳದಿದ್ದ ಒಂದು ನೀಲಿ ಚೂರನ್ನು ತೆಗೆದಳು. ಬಿಳಿ ಗೆರೆಗಳು ಇನ್ನೂ ಹಾಗೇ ಇದ್ದವು. “ದಾರ ಪೋಣ್ಸಿ ಕೊಡೇ, ಕಣ್ಣು ಕಾಣಲ್ಲ” ಎಂದಳು. ಪೋಣಿಸಿ ಕೊಟ್ಟೆ, ನನಗೂ ಸೂಜಿಯ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಅವಳು ಕತ್ತರಿಸಿದ್ದ ಜಾಗದಲ್ಲೇ ಮತ್ತೆ ಹೊಲಿದಳು, ಗಂಟು ಹಾಕಿ ದಾರವನ್ನು ಹಲ್ಲಿನಲ್ಲಿ ಕಡಿದಳು. ಸೆರಗಿನ ಪಿನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, “ಯಾವ್ ಕಡೆ ಹಾಕ್ತಿದ್ರು ನಿಮ್ಮಪ್ಪ?” ಎಂದು ಕೇಳಿದಳು. ನಾನೂ ಗೌರತ್ತೆಯೂ ಮುಖ ಮುಖ ನೋಡಿಕೊಂಡೆವು. ಅಪ್ಪ ಅದನ್ನು ಹಾಕಿಕೊಂಡದ್ದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಅಮ್ಮನೇ ಒಂದು ಕ್ಷಣ ಯೋಚಿಸಿ ಎಡಗಡೆಗೆ ಚುಚ್ಚಿಕೊಂಡಳು. ಆಮೇಲೆ ಗಡಿಯಾರ ನೋಡಿ, ಹೊತ್ತಾಯಿತೆಂದು ಎದ್ದು ಒಲೆಯ ಮೇಲೆ ಎಸರಿಟ್ಟು, ಮುದ್ದೆ ಕೋಲು ಕೈಗೆತ್ತಿಕೊಂಡಳು.

“ಅತ್ತಿಗೆ, ಅದನ್ನ ತೆಗ್ದಿಟ್ಟು ಹೋಗಿ. ಹಿಟ್ಟು ಮೆತ್ಕೊಳತ್ತೆ” ಎಂದು ಗೌರತ್ತೆ ಕೂಗಿದಳು.

“ಮೆತ್ಕೊಂಡ್ರೆ ಮೆತ್ಕೊಳ್ಲಿ ಬುಡು” ಎಂದಳು ಅಮ್ಮ ಅಡುಗೆಮನೆಯಿಂದಲೇ. “ಡ್ಯೂಟಿ ಮೇಲಿದ್ದಾಗ ತಾನೇ ಹಾಕ್ಕೋಬೇಕು?”